ತೂಕವಾದ ಮೇಲಿನ ಬೊಗಸೆ

ತಿಪ್ಪಕ್ಕನಿಗೆ ಕಾಟಾದ ಮುಂದೆ ಕೂತು ತೂಗುವ ಕೆಲಸ ಸಿಕ್ಕಿದ್ದು ಅವಳ ಎದೆ ಕೆಟ್ಟ ಮೇಲೆ. ಅದಕ್ಕೆ ಮುಂಚೆ ಅವಳು ಹೊಸದುರ್ಗದ ಹೊರಗೆ ಹಿರಿಯೂರು ದಾರಿಯಲ್ಲಿರುವ ರೇವಣಸಿದ್ದಪ್ಪನವರ ನಾರಿನ ಫ್ಯಾಕ್ಟರಿಯಲ್ಲಿ, ಮಿಷನ್ ಮನೆಯೊಳಗೆ ನಿಂತು ದುಡಿಯುತ್ತಿದ್ದಳು. ನೆನೆದ ತೆಂಗಿನ ಸಿಪ್ಪೆಯನ್ನು ಮಿಷನ್ನಿನ ಬಾಯಿಗೆ ಕೊಡುವುದು ಅವಳ ಕೆಲಸ. ಈ ಕಡೆ ಸಿಪ್ಪೆ ಕೊಟ್ಟರೆ ಆ ಕಡೆ ನಾರು ಬೀಳುತ್ತದೆ, ಕೆಳಗೆ ಕಂದು ಪುಡಿ ಉದುರುತ್ತದೆ. ಆ ಪುಡಿ ಹಾರಿ ಹಾರಿ ವರ್ಷಗಟ್ಟಲೆ ಮೂಗು ಬಾಯಿ ಸೇರಿತು. ಕೊನೆಕೊನೆಗೆ ಗೇಟಿನಿಂದ ಮಿಷನ್ ಮನೆವರೆಗೆ ನಡೆಯುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಲ್ಲುವಂತಾಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇನ್ನು ಆ ಧೂಳಿನ ಕಡೆ ತಲೆ ಹಾಕಬೇಡ ಎಂದರು.

ಧೂಳು ಬೇಡ ಎಂದರೆ ಕೆಲಸ ಬೇಡ ಎಂದೇ ಅರ್ಥ. ಲೆಕ್ಕ ಮುಗಿಸಿಕೊಂಡು ಹೋಗೋಣವೆಂದು ಅವಳು ಆಫೀಸಿನ ಬಾಗಿಲಲ್ಲಿ ನಿಂತಳು. ರೇವಣಸಿದ್ದಪ್ಪನವರು ಮಾತಿಗೆ ಒರಟು. ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದವರು ಬೈಗುಳದ ನಡುವೆಯೇ ಅವಳ ಕಡೆ ತಿರುಗಿ, "ಹೊಂಗೆ ಮರದ ಬುಡಕ್ಕೆ ಕಾಟಾ ಹಾಕ್ಸೀನಿ. ಪುಡಿ ಕೊಳ್ಳೋಕೆ ಬರ್ತಾರಲ್ಲ ಜನ, ಅವರಿಗೆ ತೂಗಿ ಕೊಡು. ಸ್ಟೂಲು ತಗಂಡು ಕುಂತ್ಕ ಹೋಗು" ಎಂದು ಮತ್ತೆ ಫೋನಿಗೆ ಬೈಯತೊಡಗಿದರು. ಅಷ್ಟೇ. ಅಂಥ ದೊಡ್ಡ ಉಪಕಾರವನ್ನು ಅಷ್ಟು ಸಣ್ಣ ಮಾತಿನಲ್ಲಿ ಮಾಡಿದವರನ್ನು ತಿಪ್ಪಕ್ಕ ಬೇರೆ ಕಂಡಿರಲಿಲ್ಲ. ಮಗಳು ಅಳಿಯ ಅದೇ ಊರಿನಲ್ಲಿದ್ದರು, ಬಂದು ನಮ್ಮಲ್ಲೇ ಇರು ಎನ್ನುತ್ತಲೂ ಇದ್ದರು. ಆದರೆ ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ, ಕೂರಲು ಮರದ ನೆರಳು, ಎದೆ ತುಂಬ ಗಾಳಿ, ಕೈಗೊಂದು ಕೆಲಸ, ಇವೆಲ್ಲ ಒಟ್ಟಿಗೆ ಸಿಕ್ಕುವುದು ಅಪರೂಪ. ದಿನಾ ಬಂದವಳೇ ಕಾಟಾವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದಳು.

ತೂಗುವುದು ಅಳೆಯುವುದು ಅವಳಿಗೆ ಹೊಸದೇನಲ್ಲ. ಹುಟ್ಟಿದ್ದು ತುರುವನೂರಿನಲ್ಲಿ. ಕಣದಲ್ಲಿ ಜೋಳ ಅಳೆಯಲು ಊರವರು ಅವಳ ತಾಯಿಯನ್ನೇ ಕರೆಯುತ್ತಿದ್ದರು. ಆ ತಾಯಿ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವಳು, ಅಳತೆ ಮುಗಿದ ಮೇಲೆ ರಾಶಿಯಿಂದ ಒಂದು ಬೊಗಸೆ ತೆಗೆದು ತಗೊಳ್ಳುವವರ ಚೀಲಕ್ಕೆ ಕೊಸರು ಹಾಕುವಳು. "ಅಳೆದು ಕೊಟ್ಟಿದ್ದು ಅವರ ಪಾಲು ಕಣೆ, ಅಳೆದಾದ್ಮೇಲೆ ಕೊಟ್ಟಿದ್ದೇ ನಿನ್ನ ಪಾಲು" ಎಂದು ಮಗಳಿಗೆ ಹೇಳಿದ್ದಳು. ಅಂಕಿ ಬರೆಯಲು ಕಲಿಸಿದವನು ಗಂಡ ಅಂಜನಪ್ಪ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಟ್ರೈಲರಿನ ಹಲಗೆಯ ಮೇಲೆ ಇದ್ದಿಲಿನಿಂದ ಬರೆದು ಬರೆದು ತೋರಿಸಿದ. ಅಕ್ಷರದ ತನಕ ಹೋಗುವಷ್ಟು ಆಯುಸ್ಸು ಅವನಿಗಿರಲಿಲ್ಲ. ಕೊಟ್ಟು ಹೋದದ್ದಕ್ಕೆ ಅವನನ್ನು ನೆನೆಯುತ್ತಾಳೆ, ಕೊಡದೆ ಹೋದದ್ದಕ್ಕೆ ಬೈದವಳಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಫ್ಯಾಕ್ಟರಿಗೆ ಹೊಳಲ್ಕೆರೆಯಿಂದ ದಾಕ್ಷಾಯಿಣಿ ಎಂಬ ಲೆಕ್ಕದ ಹೆಣ್ಣುಮಗಳು ಬಂದಳು. ಇವರ ನಾರು ಕೊಳ್ಳುವ ಬೆಂಗಳೂರಿನ ಕಂಪನಿ ಅದನ್ನು ಹೊರದೇಶಕ್ಕೆ ಕಳಿಸುತ್ತಿತ್ತು. ಆ ದೇಶದವರು ಈಗ ಬೇರೆ ಲೆಕ್ಕ ಕೇಳುತ್ತಿದ್ದರಂತೆ. ಮಾಲು ಎಷ್ಟು ಮಾಡಿದಿರಿ ಎನ್ನುವುದೊಂದೇ ಸಾಲದು. ಅದಕ್ಕೆ ಸಿಪ್ಪೆ ಎಷ್ಟು, ನೀರೆಷ್ಟು, ಕರೆಂಟೆಷ್ಟು ತಿಂದಿರಿ, ಅದರಲ್ಲಿ ಮಾಲಾಗದೆ ಹೊರಗೆ ಬಿದ್ದದ್ದೆಷ್ಟು, ಬಿದ್ದದ್ದು ಎಲ್ಲಿಗೆ ಹೋಯಿತು, ಎಲ್ಲ ಕಾಣಿಸಬೇಕು.

ಇದನ್ನು ಕೇಳಿ ಮೊದಲು ನಕ್ಕವನು ಜುಂಜಯ್ಯ. ಅವನು ಗೊಲ್ಲರ ಹಟ್ಟಿಯವನು, ಕುರಿ ಸಾಕಿದವನು. ಕುರಿ ಕೂಡುವ ರೊಪ್ಪದ ನೆಲ ಒಣಗಿರಲೆಂದು ಹಾಸಲು ವಾರವಾರವೂ ಪುಡಿ ಒಯ್ಯುತ್ತಿದ್ದ.

"ಕಸಕ್ಕೂ ಲೆಕ್ಕ ಅಂದ್ರೆ! ಇನ್ಮೇಲೆ ನೀನು ಕೆಮ್ಮಿದ್ರೂ ಬರ್ಕತಾರೆ ಬಿಡಕ್ಕ" ಎಂದ.

"ಬರ್ಕಳ್ಲಿ ಬಿಡಲೇ. ನಾನು ಕೆಮ್ಮಿದ್ದು ಇಷ್ಟು ವರ್ಷ ಯಾರು ಬರ್ಕಂಡಿದ್ರು?" ಎಂದಳು ತಿಪ್ಪಕ್ಕ.

ಅವಳಿಗೆ ಆ ಲೆಕ್ಕ ಹಿಡಿಸಿತ್ತು. ದಾಕ್ಷಾಯಿಣಿ ಮೊದಲ ದಿನವೇ ಮರದ ಬುಡಕ್ಕೆ ಬಂದು, ಕಲ್ಲಿನ ಮೇಲೆ ಕೂತು ಬಿಡಿಸಿ ಹೇಳಿದ್ದಳು: "ನೋಡ್ರಿ ತಿಪ್ಪಕ್ಕ, ನೀವು ಜೋಳ ತರ್ತೀರಿ, ಬೀಸಿಸ್ತೀರಿ, ಜರಡಿ ಹಿಡೀತೀರಿ. ಜರಡಿಯಾಗೆ ನಿಂತ ತೌಡಿಗೂ ನೀವು ದುಡ್ಡು ಕೊಟ್ಟೀರಿ. ಅದನ್ನೂ ಹೊತ್ಕಂಡು ಬಂದೀರಿ. ಬೀಸೋ ಕೂಲಿನೂ ಕೊಟ್ಟೀರಿ. ತಿಂದ ರೊಟ್ಟಿ ಲೆಕ್ಕ ಎಲ್ರೂ ಇಡ್ತಾರೆ, ಎಸೆದ ತೌಡಿಂದು ಯಾರೂ ಇಡಲ್ಲ. ನಾವು ಅದನ್ನ ಇಡಾದು."

ಫ್ಯಾಕ್ಟರಿಯ ತೌಡೆಂದರೆ ಹಿಂದುಗಡೆಯ ಪುಡಿಯ ಗುಡ್ಡೆ. ಸಿಪ್ಪೆಯಲ್ಲಿ ನಾರಿಗಿಂತ ಪುಡಿಯೇ ಹೆಚ್ಚು. ಕೊಳ್ಳುವವರು ಒಯ್ದಷ್ಟು ಹೋಗಿ ಉಳಿದದ್ದು ಅಲ್ಲೇ ಬೆಳೆಯುತ್ತಿತ್ತು. ಮಳೆ ಬಂದರೆ ಗುಡ್ಡೆಯಿಂದ ಕಾಫಿ ಕಷಾಯದಂಥ ನೀರು ಇಳಿದು ಹಳ್ಳಕ್ಕೆ ಸೇರುತ್ತಿತ್ತು. ಹಳ್ಳದ್ದು ವೇದಾವತಿಗೆ, ಅಲ್ಲಿಂದ ಮಾರಿಕಣಿವೆ ಅಣೆಕಟ್ಟಿಗೆ. ಹಳ್ಳದ ದಡದಲ್ಲೇ ಚಿತ್ತಮ್ಮ ಎಂಬಾಕೆಯ ಹೊಲ, ಹೊಲದಲ್ಲಿ ಒಂದು ಬಾವಿ. ಇದನ್ನೆಲ್ಲ ದಾಕ್ಷಾಯಿಣಿ ನಡೆದು ನೋಡಿಕೊಂಡು ಬಂದಿದ್ದಳು.

ಅಂದಿನಿಂದ ತಿಪ್ಪಕ್ಕ ಹೋಗುವ ಪ್ರತಿ ಮಂಕರಿ ಪುಡಿಯನ್ನೂ ತೂಗಿ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುವಳು. ಸಂಜೆ ದಾಕ್ಷಾಯಿಣಿ ಅದನ್ನು ಕಂಪ್ಯೂಟರಿಗೆ ಹಾಕುವಳು. ಕಾಟಾದ ಮುಳ್ಳು ನಿಲ್ಲುವ ತನಕ ತಿಪ್ಪಕ್ಕ ಉಸಿರನ್ನೂ ಬಿಡುತ್ತಿರಲಿಲ್ಲ. ಗಾಳಿ ಬೀಸಿದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಒದ್ದೆ ಪುಡಿಯನ್ನು ಬಿಸಿಲಿಗೆ ಹರವಿ ಒಣಗಿಸದೆ ಮಂಕರಿಗೆ ತುಂಬುತ್ತಿರಲಿಲ್ಲ.

ಇಷ್ಟಿದ್ದೂ ಲೆಕ್ಕ ಕೂಡಲಿಲ್ಲ.

ಇಷ್ಟು ಸಿಪ್ಪೆಗೆ ಇಷ್ಟು ಪುಡಿ ಹುಟ್ಟಬೇಕು, ಇಷ್ಟು ತೂಗಿ ಹೊರಗೆ ಹೋಗಿದೆ, ಉಳಿದದ್ದು ಗುಡ್ಡೆಯಲ್ಲಿರಬೇಕು. ದಾಕ್ಷಾಯಿಣಿ ಗುಡ್ಡೆಯ ಸುತ್ತ ಟೇಪು ಹಿಡಿದು ಅಳೆದಳು. ಗುಡ್ಡೆ ಲೆಕ್ಕಕ್ಕಿಂತ ಸಣ್ಣದಿತ್ತು. ಮುಂದಿನ ತಿಂಗಳು ಇನ್ನೂ ಸಣ್ಣದಾಯಿತು. ರೇವಣಸಿದ್ದಪ್ಪನವರು ರೇಗಿದರು. ಅವರ ದನಿ ಹೊಂಗೆ ಮರದ ತನಕ ಕೇಳಿಸುತ್ತಿತ್ತು.

"ಪುಡಿ ಏನು ರೆಕ್ಕೆ ಕಟ್ಕಂಡು ಹಾರ್ತೇನಮ್ಮ? ಕಂಪನಿಯೋರು ಬಂದಾಗ ಹಿಂಗೆ ತೋರ್ಸಿದ್ರೆ ಸುಳ್ಳು ಲೆಕ್ಕ ಅಂತಾರೆ, ಆರ್ಡರ್ ಹೋಗ್ತತೆ. ತಿಪ್ಪಕ್ಕಂಗೆ ಕಣ್ಣು ಮಂಜಾಗಿರ್ಬೇಕು, ಪಾಪ. ತಾನೇ ತೂಗಿ ತಾನೇ ಬರ್ಕಣೋ ಮಿಷನ್ ಬಂದವೆ, ತರ್ಸಾಣ."

ತಿಪ್ಪಕ್ಕನ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು. ಆ ಮಿಷನ್ ಬಂದರೆ ಮರದ ಬುಡದಲ್ಲಿ ಅವಳಿಗೆ ಕೆಲಸವಿಲ್ಲ. ಒಳಗೆ ಧೂಳಿನಲ್ಲಿ ಮಾತ್ರ ಇದೆ. ಅಲ್ಲಿಗೆ ಅವಳು ಹೋಗುವಂತಿಲ್ಲ. ಪುಣ್ಯಕ್ಕೆ ದಾಕ್ಷಾಯಿಣಿ, "ಒಂದು ದಿನ ನಾನೇ ಅವ್ರ ಪಕ್ಕ ಕೂತು ನೋಡ್ತೀನಿ ಸಾರ್. ಆಮೇಲೆ ಮಿಷನ್ ಮಾತು" ಎಂದದ್ದೂ ಕೇಳಿಸಿತು. ಆ ಒಂದು ದಿನಕ್ಕೆ ತಿಪ್ಪಕ್ಕ ಮನಸ್ಸಿನಲ್ಲೇ ಕೈಮುಗಿದಳು.

ಮರುದಿನ ದಾಕ್ಷಾಯಿಣಿ ಬಂದು ಕಲ್ಲಿನ ಮೇಲೆ ಕೂತಳು. ಮೊದಲು ಬಂದವನು ಜುಂಜಯ್ಯನೇ, ಲಗೇಜ್ ಆಟೋ ತಗೊಂಡು. ತಿಪ್ಪಕ್ಕ ಮಂಕರಿ ತುಂಬಿಸಿ ತೂಗಿದಳು. ಮುಳ್ಳು ನಿಂತಿತು. ಹಲಗೆಯ ಮೇಲೆ ಅಂಕಿ ಬಿತ್ತು. ದಾಕ್ಷಾಯಿಣಿ ಮುಳ್ಳು ನೋಡಿದಳು, ಹಲಗೆ ನೋಡಿದಳು. ಕೂದಲಷ್ಟೂ ವ್ಯತ್ಯಾಸವಿಲ್ಲ. ಪುಡಿ ಆಟೋಗೆ ಸುರಿದದ್ದಾಯಿತು. ಆಮೇಲೆ ತಿಪ್ಪಕ್ಕ ಸ್ಟೂಲಿನಿಂದೆದ್ದು, ರಾಶಿಗೆ ಎರಡೂ ಕೈ ಹಾಕಿ ಒಂದು ಬೊಗಸೆ ಎತ್ತಿ ಆಟೋಗೆ ಹಾಕಿದಳು.

"ಏನಕ್ಕ, ಈವತ್ತು ಕೈ ಬಿಗಿ? ಮರಿ ಹಾಕಿರೋ ಕುರಿ ಅವೆ" ಎಂದ ಜುಂಜಯ್ಯ.

"ನಿನ್ನ ಕುರಿ ಹನ್ನೆರಡು ತಿಂಗಳೂ ಮರಿ ಹಾಕ್ತವಲ್ಲೋ" ಎನ್ನುತ್ತ ಅವಳು ಇನ್ನೊಂದು ಹಾಕಿದಳು. ಅವನು ನಕ್ಕ. ಮತ್ತೊಂದು ಹಾಕಿದಳು.

"ಇದೇನು ತಿಪ್ಪಕ್ಕ, ಮತ್ತೆ ಹಾಕಿದ್ರಿ?" ಎಂದಳು ದಾಕ್ಷಾಯಿಣಿ.

"ಕೊಸರು ಕಣವ್ವ."

"ಎಲ್ರಿಗೂ ಹಾಕ್ತೀರಾ?"

"ಕೊಸರಿನಾಗೆ ಭೇದ ಮಾಡ್ತಾರೇನವ್ವ?"

"ಹಲಗೆ ಮೇಲೆ ಬರ್ದಿಲ್ಲ?"

ತಿಪ್ಪಕ್ಕ ಅವಳ ಮುಖವನ್ನೇ ನೋಡಿದಳು. ಓದಿದ ಹುಡುಗಿ ಇಂಥ ಮಾತು ಕೇಳುತ್ತಾಳಲ್ಲ ಎಂದು ಸೋಜಿಗವಾಯಿತು. "ಕೊಸರು ಯಾರಾದ್ರೂ ಬರ್ಕತಾರೇನವ್ವ? ಬರ್ಕಂಡ್ರೆ ಅದು ವ್ಯಾಪಾರ ಆಗ್ತತೆ."

ದಾಕ್ಷಾಯಿಣಿ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗುಡ್ಡೆ ಎಲ್ಲಿಗೆ ಹೋಗುತ್ತಿದೆ ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಅದು ಮಂಕರಿಗೆ ಎರಡು ಮೂರರಂತೆ ಬೊಗಸೆ ಬೊಗಸೆಯಾಗಿ, ಎಲ್ಲರ ಕಣ್ಣೆದುರೇ, ಹಗಲು ಹೊತ್ತಿನಲ್ಲಿ ಹೋಗುತ್ತಿತ್ತು. ತಿಪ್ಪಕ್ಕನಿಗೆ ಮಾತ್ರ ನಗು ಬರಲಿಲ್ಲ. ತಪ್ಪು ತನ್ನದೇ ಎಂದು ತಿಳಿದದ್ದೇ ಅವಳು ಕೈಗಂಟಿದ ಪುಡಿಯನ್ನು ರಾಶಿಗೇ ಕೊಡವಿದಳು.

ರೇವಣಸಿದ್ದಪ್ಪನವರು ಕೇಳಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಕಣ್ಣು ಚೆನ್ನಾಗೈತಲ್ಲ, ಅಷ್ಟು ಸಾಕು ಬಿಡು. ಇನ್ಮೇಲೆ ಕೊಸರು ಬಂದ್. ಕಾಟಾ ನಿಂದೇ" ಎಂದರು.

ಸ್ಟೂಲು ಉಳಿಯಿತು. ಅದಕ್ಕೆ ಅವಳು ದೇವರಿಗೆ ತೆಂಗಿನಕಾಯಿ ಒಡೆಸಿದಳು. ಆದರೆ ಮರುದಿನ ಜುಂಜಯ್ಯ ಬಂದಾಗ ತೂಗಿ ಮುಗಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಬಿಟ್ಟರೆ ಅವು ತಾವಾಗೇ ರಾಶಿಯ ಕಡೆ ಹೋಗುತ್ತಿದ್ದವು.

ಜುಂಜಯ್ಯ ಆಟೋ ಹತ್ತಿದವನು ಇಳಿದು ಬಂದ. "ಯಾಕಕ್ಕ, ನಮ್ ಮ್ಯಾಲೆ ಏನಾರ ಸಿಟ್ಟಾ?"

"ಸಿಟ್ಟಿಲ್ಲ ಕಣಪ್ಪ. ಕಂಪನಿ ರೂಲ್ಸು."

"ಹಂಗಾದ್ರೆ ಕಂಪನಿ ಪುಡಿ ಕಂಪನಿಗೇ ಇರ್ಲಿ" ಎಂದು ಹೋದವನು ಮುಂದಿನ ವಾರ ಬರಲಿಲ್ಲ. ಆದಿವಾಲದ ಕಡೆ ಇನ್ನೊಂದು ನಾರಿನ ಮಿಲ್ಲಿತ್ತು, ಅಲ್ಲಿಗೆ ಹೋಗುತ್ತಾನೆಂದು ಸುದ್ದಿ ಬಂತು. ಅವನ ಹಿಂದೆ ಹಟ್ಟಿಯ ಬೇರೆಯವರೂ, ಸಸಿ ಬೆಳೆಸುವವರೂ ಅತ್ತ ತಿರುಗಿದರು. ದರ ಎರಡೂ ಕಡೆ ಒಂದೇ. ಒಂದು ಬೊಗಸೆ ಪುಡಿಗೆ ಯಾರೂ ಬಡವರಾಗುವುದಿಲ್ಲ. ಆದರೆ ಕೊಡುತ್ತಿದ್ದ ಕೈ ಹಿಂದೆ ಸರಿದರೆ, ಬರಬೇಡ ಎಂದ ಹಾಗೆಯೇ.

ಲೆಕ್ಕವೇನೋ ಕೂಡಿತು. ಗುಡ್ಡೆಯೂ ಬೆಳೆಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಚೆನ್ನಾಗಿ ಬಿದ್ದ ಮರುದಿನ ಬೆಳಿಗ್ಗೆ ಚಿತ್ತಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಗೇಟಿನೊಳಗೆ ಬಂದಳು. ಯಾರನ್ನೂ ಮಾತನಾಡಿಸದೆ ನೇರ ಆಫೀಸಿನ ಮುಂದೆ ಹೋಗಿ ಕೊಡವನ್ನು ಕುಕ್ಕಿದಳು. ತುಳುಕಿದ ನೀರು ಕಂದಾಗಿತ್ತು.

"ಲೆಕ್ಕದಮ್ಮ ಎಲ್ಲವ್ಳೆ? ಇದನ್ನೂ ಬರ್ಕಳ್ರವ್ವ! ನಿಮ್ ಗುಡ್ಡೆ ನನ್ನ ಬಾವಿಗೆ ಇಳಿದೈತೆ. ನನ್ನ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸ್ತು. ಎಮ್ಮೆಗಿರೋ ಮರ್ಯಾದೆ ನಿಮಗೈತಾ?"

ರೇವಣಸಿದ್ದಪ್ಪನವರು ಕೈಯಲ್ಲಿದ್ದ ಫೋನು ಇಟ್ಟು ಬಾಗಿಲಿಗೆ ಬಂದರು. ದಾಕ್ಷಾಯಿಣಿ ಹೊರಗೆ ಬಂದು ಕೊಡದೊಳಗೆ ಬಗ್ಗಿ ನೋಡಿದಳು. "ಬರ್ಕತೀನಮ್ಮ" ಎಂದಳು. ಹಾಗೆಂದು ಸಮಾಧಾನ ಮಾಡಿ ಕಳಿಸಲಿಲ್ಲ, ನಿಜವಾಗಿ ಬರೆದುಕೊಂಡಳು. ಬಾವಿ ಖಾಲಿ ಮಾಡಿಸಲು ಪಂಪು, ಕೂಲಿ, ಅಲ್ಲಿಯ ತನಕ ಆ ಮನೆಗೂ ಎಮ್ಮೆಗೂ ಟ್ಯಾಂಕರ್ ನೀರು, ಎಲ್ಲವನ್ನೂ ನಾರಿನ ಖರ್ಚಿನೊಳಗೇ ಸೇರಿಸಿ ಸಾಹುಕಾರರಿಗೆ ತೋರಿಸಿದಳು.

ತಿಪ್ಪಕ್ಕ ಮರದ ಬುಡದಿಂದ ಇದನ್ನೆಲ್ಲ ನೋಡಿದಳು. ಎದ್ದು, ದಾರಿಯಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಆಫೀಸಿಗೆ ಬಂದಳು.

"ಸಾವ್ಕಾರ್ರೇ, ನೀವು ಹೇಳಿದ್ರಿ, ನಾನು ಕೈ ಕಟ್ಕಂಡು ಕುಂತೆ. ಕುಂತಿದ್ದಕ್ಕೆ ಜನ ಹೋದ್ರು, ಗುಡ್ಡೆ ಉಳೀತು, ಆಯಮ್ಮನ ಬಾವಿ ಕೆಡ್ತು. ಈ ಕಾಟಾ ನನಗೆ ಉಸಿರು ಕೊಟ್ಟೈತೆ, ಸುಳ್ಳು ಹೇಳಲ್ಲ. ಆದ್ರೂ ಹಿಂಗೆ ಬ್ಯಾಡ. ನೀವು ಆ ಹೊಸ ಮಿಷನ್ನೇ ತರ್ಸಿ. ತರ್ಸಿದ್ಮೇಲೆ ಅದಕ್ಕೂ ಒಂಚೂರು ಕೊಸರು ಹಾಕಾದು ಕಲ್ಸಿ."

ದಾಕ್ಷಾಯಿಣಿ ನಡುವೆ ಬಂದು, "ತಿಪ್ಪಕ್ಕ, ಒಂದು ಕೆಲಸ ಮಾಡ್ರಿ. ಕೊಸರನ್ನೂ ಮಂಕರಿಗೇ ಹಾಕಿ ಒಟ್ಟಿಗೆ ತೂಗಿ ಬಿಡ್ರಿ" ಎಂದಳು.

"ತೂಗಿದ್ರೆ ಅದು ಕೊಸರು ಹೆಂಗಾಯ್ತವ್ವ? ತೂಕ ಆದ್ಮೇಲೆ ಹಾಕ್ಬೇಕು. ಅದೂ ಮನಸ್ಸಿಗೆ ಬಂದಷ್ಟು."

"ಹಾಕಿದ ಮೇಲೆ ಇಷ್ಟು ಅಂತ ಹೇಳ್ರಿ, ನಾನು ಬರ್ಕತೀನಿ."

"ಕೊಟ್ಟಿದ್ದನ್ನ ತಗಂಡೋರ ಮುಂದೇನೇ ಹೇಳಾದಾ? ನಾಲಿಗೆ ಬಿದ್ದೋಗ್ತತೆ."

ದಾಕ್ಷಾಯಿಣಿ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ನಮ್ಮ ಮನೆಗೆ ಜಂಗಮರು ಭಿಕ್ಷಕ್ಕೆ ಬರ್ತಿದ್ರು. ಅವರ ಜೋಳಿಗೆಗೆ ಹಾಕೋ ಹಿಟ್ಟನ್ನ ನಮ್ಮಮ್ಮ ಬೇರೆ ಗಡಿಗೇಲಿ ಇಟ್ಟಿರೋಳು. ಹಿಡಿ ಎಷ್ಟು ದೊಡ್ಡದು ಅಂತ ಯಾವತ್ತೂ ನೋಡಿದೋಳಲ್ಲ. ಗಡಿಗೆ ತಳ ಕಂಡಾಗ ತುಂಬ್ಸೋಳು, ಅಷ್ಟೇ. ಆದ್ರೂ ತಿಂಗಳಿಗೆ ಭಿಕ್ಷಕ್ಕೆ ಎಷ್ಟು ಜೋಳ ಬೇಕು ಅನ್ನಾದು ಅವಳಿಗೆ ಗೊತ್ತಿತ್ತು." ತಿಪ್ಪಕ್ಕನ ಕಡೆ ತಿರುಗಿದಳು. "ಕೊಸರಿಗೆ ಬೇರೆ ಒಂದು ಬುಟ್ಟಿ ಇಡಾಣ. ಬೆಳಿಗ್ಗೆ ತುಂಬ್ಸಿ ತೂಗಿ ನಿಮ್ಮ ಪಕ್ಕ ಇಡ್ತೀನಿ. ನೀವು ಯಾರಿಗೆ ಎಷ್ಟು ಬೇಕೋ ಹಾಕ್ರಿ, ನಾನು ನೋಡಲ್ಲ. ಸಂಜೆ ಬುಟ್ಟೀಲಿ ಉಳಿದಿದ್ದನ್ನ ತೂಗ್ತೀನಿ. ನಡುವೆ ಹೋಗಿದ್ದೆಲ್ಲ ಕೊಸರು."

"ನಮ್ಮವ್ವನೂ ಹಂಗೇ ಒಂದು ಗಡಿಗೆ ಇಟ್ಟಿದ್ಲು" ಎಂದರು ರೇವಣಸಿದ್ದಪ್ಪನವರು, ಬಾಗಿಲ ಹೊರಗೆ ನೋಡುತ್ತ. ಬೇರೆ ಅಪ್ಪಣೆ ಬೇಕಾಗಲಿಲ್ಲ. ಕಂದು ನೀರು ಹಳ್ಳಕ್ಕೆ ಇಳಿಯದಂತೆ ಗುಡ್ಡೆಯ ಸುತ್ತ ಕಾಲುವೆ ತೋಡಿಸಿ, ಕೊನೆಗೊಂದು ತೊಟ್ಟಿ ಕಟ್ಟಿಸಲು ಅಂದೇ ಹೇಳಿಕಳಿಸಿದರು. ಚಿತ್ತಮ್ಮನ ಬಾವಿಯ ನೀರನ್ನು ತಾವೇ ನಿಂತು ಎತ್ತಿಸಿದರು. ತಳದ ಊಟೆಯಿಂದ ತಿಳಿ ನೀರು ಒಸರುವ ತನಕ ಅವಳಿಂದ ಬೈಸಿಕೊಳ್ಳುತ್ತಲೇ ನಿಂತಿದ್ದರು.

ಜುಂಜಯ್ಯನಿಗೆ ಹೇಳಿಕಳಿಸಬೇಕಾಗಲಿಲ್ಲ. ಬುಟ್ಟಿಯ ಸುದ್ದಿ ಹಟ್ಟಿಗೆ ತಾನೇ ಹೋಯಿತು. "ಕೊಸರಿಗೂ ಬುಟ್ಟಿ ಮಾಡ್ಸಿಬಿಟ್ಟೇನಕ್ಕ? ಜಾತ್ರೆಯಾಗೆ ಹುಂಡಿ ಇಟ್ಟಂಗೈತೆ" ಎಂದು ರೇಗಿಸಿದ. ಅವಳು ಬುಟ್ಟಿಗೆ ಎರಡೂ ಕೈ ಹಾಕಿ ಅವನ ಆಟೋಗೆ ಒಂದು ಬೊಗಸೆ ಸುರಿದಳು. ಅವನ ನಗು ಮೊದಲಿನದೇ.

ಕಂಪನಿಯಿಂದ ಲೆಕ್ಕ ನೋಡಲು ಬಂದವನು ಕಿರಣ್‌ಕುಮಾರ್ ಎಂಬ ತರುಣ, ಮೆಲುದನಿಯವನು. ಒಂದು ಸಾಲಿನ ಮೇಲೆ ಬೆರಳಿಟ್ಟು, ಇದೇನು, ಬೆಲೆಯಿಲ್ಲದೆ ಹೊರಗೆ ಹೋದ ಮಾಲು ಎಂದು ಕೇಳಿದ. ದಾಕ್ಷಾಯಿಣಿ ಮುಚ್ಚಿಡಲಿಲ್ಲ. ಕೊಸರಿದ್ದ ತಿಂಗಳ ಗುಡ್ಡೆ, ಕೊಸರು ನಿಂತ ತಿಂಗಳ ಗುಡ್ಡೆ, ಬಾವಿಯ ಖರ್ಚು, ಮೂರನ್ನೂ ಅಕ್ಕಪಕ್ಕ ತೋರಿಸಿದಳು. ಕೊಸರಿಗೆ ಹೋದದ್ದಕ್ಕಿಂತ ಬಾವಿಗೆ ಹೋದದ್ದೇ ಹೆಚ್ಚೆಂದು ಅವನಿಗೆ ಕಂಡಿತು. ಹೊರಗೆ ಬಂದು ಮರದ ಬುಡದಲ್ಲಿ ತುಸು ನಿಂತು, ತಿಪ್ಪಕ್ಕ ತೂಗುವುದನ್ನು, ತೂಗಿದ ಮೇಲೆ ಬುಟ್ಟಿಗೆ ಕೈ ಹಾಕುವುದನ್ನು ಕಂಡ. "ಈ ಸಾಲು ಹೀಗೇ ಇರಲಿ ಮೇಡಂ" ಎಂದು ಸಹಿ ಹಾಕಿದ. ಆರ್ಡರ್ ಉಳಿಯಿತು. ಹೊಸ ಮಿಷನ್ನಿನ ಮಾತನ್ನು ಸಾಹುಕಾರರು ಮತ್ತೆ ಎತ್ತಲಿಲ್ಲ.

ತಿಪ್ಪಕ್ಕ ಈಗಲೂ ಅಲ್ಲೇ ಕೂರುತ್ತಾಳೆ. ಎದೆಯ ಗುರುಗುರು ಪೂರ್ತಿ ಹೋಗಿಲ್ಲ, ಆದರೆ ಮರದ ಬುಡದಲ್ಲಿ ಗಾಳಿಗೆ ಬರವಿಲ್ಲ. ಬೈಯುತ್ತಲೇ ಜಾಗ ಕೊಟ್ಟ ಸಾಹುಕಾರರು, ಅಂಕಿ ಕೊಟ್ಟ ಗಂಡ, ನಕ್ಕರೂ ಹೀಯಾಳಿಸದ ದಾಕ್ಷಾಯಿಣಿ, ಕೊಡ ಕುಕ್ಕಿ ಕಣ್ಣು ತೆರೆಸಿದ ಚಿತ್ತಮ್ಮ, ಇವರಿಗೆಲ್ಲ ತಾನು ಋಣಿ ಎಂದು ಮಗಳ ಹತ್ತಿರ ಹೇಳುತ್ತಿರುತ್ತಾಳೆ.

ಸಂಜೆ ದಾಕ್ಷಾಯಿಣಿ ಹಲಗೆಯ ಅಂಕಿಗಳನ್ನು ಬರೆದುಕೊಂಡು, ಕೊನೆಗೆ ಬುಟ್ಟಿಯನ್ನು ಕಾಟಾದ ಮೇಲೆ ಇಡುತ್ತಾಳೆ. ಬೆಳಗಿನಿಂದ ಮುಳ್ಳಿನ ಮೇಲಿನ ಕಣ್ಣು ಕೀಳದ ತಿಪ್ಪಕ್ಕ ಆಗ ಮಾತ್ರ ಸ್ಟೂಲನ್ನು ರಸ್ತೆಯ ಕಡೆ ತಿರುಗಿಸಿಕೊಳ್ಳುತ್ತಾಳೆ.

"ನೋಡಲ್ವಾ ತಿಪ್ಪಕ್ಕ?"

"ನೀವು ಬರ್ಕಳ್ರವ್ವ, ನಿಮ್ಮ ಕೆಲಸ ಅದು" ಎಂದು, ರಸ್ತೆಯಲ್ಲಿ ಹೋಗುವ ಹಿರಿಯೂರು ಬಸ್ಸನ್ನು ನೋಡುತ್ತ ಕೂರುತ್ತಾಳೆ.